ಕೈಗಳಿಗೆ ಕೆಲಸ ಹುಡುಕುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಕೆಳಮಹಡಿಯ ಮೂಲೆಯ ಕೋಣೆಯಲ್ಲಿ ಅಕ್ಕ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಹಳೆಯ ಇಸ್ತ್ರಿಪೆಟ್ಟಿಗೆಯ ತುಕ್ಕು ಉಜ್ಜುತ್ತಿದ್ದಾರೆ. "ಕೆಂಡ ತುಂಬಿಸ್ಕೊಳ್ಳೋ ಕಾಲ ಇದಕ್ಕೆ ಮುಗೀತು. ಈಗ ಭುಜಕ್ಕೆ ಬಲ ಬರಿಸೋ ಕೆಲಸಕ್ಕೆ ಹಚ್ಚಿದೀನಿ," ಎನ್ನುತ್ತ ಅದನ್ನು ಮೇಜಿನ ಈ ತುದಿಯಿಂದ ಆ ತುದಿಗೆ ತಳ್ಳಿ ನೋಡುತ್ತಾರೆ.

ಲಕ್ವ ಹೊಡೆದವರ ಕೈಗೆ ವ್ಯಾಯಾಮ ಮಾಡಿಸುವ ಕೋಣೆ ಇದು. ಅಕ್ಕ ನೇಮಕವಾದದ್ದು ಗುಡಿಸಿ ಒರೆಸುವುದಕ್ಕೆ. ಆದರೆ ಇಡೀ ಆಸ್ಪತ್ರೆಗೆ ಅವರು ಗುಜರಿ ಅಕ್ಕ.

ಇದೆಲ್ಲ ಶುರುವಾದದ್ದು ಮನೆಯಲ್ಲೇ. "ಅಮ್ಮಂಗೆ ಲಕ್ವ ಹೊಡೆದಾಗ ಹಿಚುಕೋಕೆ ರಬ್ಬರ್ ಚೆಂಡು ಕೊಟ್ರು. ಎರಡು ದಿನ ನೋಡಿ ಕಿಟಕಿಯಿಂದ ಆಚೆ ಎಸೆದ್ಲು, ಅದೂ ಸರಿಯಿರೋ ಕೈಯಲ್ಲಿ. ಕಾಫಿಬೀಜ ಪುಡಿ ಮಾಡೋ ಹಳೇ ಯಂತ್ರ ಮುಂದಿಟ್ಟೆ ನೋಡಿ, ಬಿದ್ದುಹೋಗಿದ್ದ ಕೈ ತಾನಾಗೇ ಹಿಡಿ ಹುಡುಕ್ಕೊಂಡು ಹೋಯ್ತು."

ಅಮ್ಮ ತೀರಿಕೊಂಡ ಮೇಲೆ ಆ ಯಂತ್ರ ಈ ಕೋಣೆಗೆ ಬಂತು. ಅಂಥ ಹಳೆ ಸಾಮಾನಿಗೆ ಅಕ್ಕ ಅಲೆಯುವುದನ್ನು ಕಂಡು ಪಕ್ಕದ ಬೀದಿಯ ಗುಜರಿ ಅಂಗಡಿಯವನು ತನಗೆ ತಲೆಬುಡ ತಿಳಿಯದ್ದನ್ನೆಲ್ಲ ಇವರಿಗೇ ಎತ್ತಿಡತೊಡಗಿದ. ಮೇಲ್ವಿಚಾರಕರು ಒಮ್ಮೆ ಸಿಡಿಮಿಡಿಗೊಂಡು ಎಲ್ಲವನ್ನೂ ಮೆಟ್ಟಿಲ ಕೆಳಗೆ ಹಾಕಿಸಿದರು. "ಬೈಸ್ಕೊಳ್ತಾನೇ ಒಂದೊಂದಾಗಿ ವಾಪಸ್ ತಂದೆ," ಎಂದು ಅಕ್ಕ ನಗುತ್ತಾರೆ. ಈಗ ವ್ಯಾಯಾಮದ ಡಾಕ್ಟರೇ ಪ್ರತಿಯೊಂದನ್ನೂ ಪರೀಕ್ಷಿಸಿ ಮೇಜಿಗೆ ಬಿಡುತ್ತಾರೆ. ದಿನಕ್ಕೆ ಇಪ್ಪತ್ತು ಮೂವತ್ತು ಕೈಗಳು ಅವುಗಳ ಮೇಲೆ ಆಡುತ್ತವೆ.

ಹೋದ ವರ್ಷ ಒಬ್ಬ ದರ್ಜಿ ಬಂದಿದ್ದರು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಈಗಲೇ ಆಡಿಸದಿದ್ದರೆ ಬೆರಳು ಸೆಟೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದರೂ ಅವರು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. "ಅಂಗಿ ಗುಂಡಿ ಕೂಡ ನಾನೇ ಹಾಕ್ಬೇಕು. ಅದಕ್ಕೇ ಅವರಿಗೆ ಸಿಟ್ಟು," ಎಂದು ಹೆಂಡತಿ ಅಕ್ಕನ ಬಳಿ ಕಣ್ಣು ತುಂಬಿಕೊಂಡಿದ್ದರು.

ಆ ವಾರ ಗುಜರಿಯಿಂದ ಒಂದು ವಿಚಿತ್ರ ವಸ್ತು ಬಂದಿತ್ತು. ಮರದ್ದು, ಕೊಕ್ಕರೆಯ ಕೊಕ್ಕಿನಂತೆ ಉದ್ದ, ನಡುವೆ ಸ್ಪ್ರಿಂಗು. ಹಿಡಿ ಅದುಮಿದರೆ ಬಾಯಿ ಮುಚ್ಚುವ ಬದಲು ತೆರೆಯುತ್ತಿತ್ತು. ಅಕ್ಕ ಕೋಣೆಯಲ್ಲಿದ್ದವರನ್ನೆಲ್ಲ ಕೇಳಿದರು. ಒಬ್ಬರು ಇಕ್ಕಳ ಎಂದರು, ಇನ್ನೊಬ್ಬರು ಹಲ್ಲು ಕೀಳೋದು ಎಂದರು. ಗೋಡೆ ಕಡೆಯಿಂದ ತೊದಲು ದನಿ ಬಂತು.

"ಗವಸು... ಗವಸು ಅಗಲಿಸೋದು. ತೊಗಲಿನ ಗವಸು ಒದ್ದೆಯಾದ್ರೆ ಅದರ ಬೆರಳು ಅಂಟ್ಕೊಳುತ್ತೆ. ಒಳಗೆ ತೂರಿಸಿ ಅದುಮ್ಬೇಕು."

"ನಂಗೆ ತಿಳೀಲಿಲ್ಲ ಅಣ್ಣಾ, ತೋರಿಸಿಕೊಡಿ," ಎಂದು ಅಕ್ಕ ನರ್ಸಮ್ಮನ ಹತ್ತಿರ ಒಂದು ರಬ್ಬರ್ ಗವಸು ಇಸಿದುಕೊಂಡು ಬಂದರು. ದರ್ಜಿ ಅದನ್ನು ಎಡಗೈಯಲ್ಲಿ ಹಿಡಿದರು. ಇನ್ನು ಹಿಡಿ ಅದುಮಲು ಉಳಿದದ್ದು ಬಲಗೈ ಮಾತ್ರ. ಅಕ್ಕ ಅದರ ಬೆರಳುಗಳನ್ನು ಮೆಲ್ಲಗೆ ಹಿಡಿಯ ಸುತ್ತ ಕೂರಿಸಿ, ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ದರ್ಜಿಯ ಹಣೆಯಲ್ಲಿ ಬೆವರೊಡೆಯಿತು. ಮರದ ಕೊಕ್ಕು ಎಳ್ಳಿನಷ್ಟು ತೆರೆಯಿತು, ಮುಚ್ಚಿಕೊಂಡಿತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು.

"ಇನ್ನೊಂದ್ಸಲ," ಎಂದರು ದರ್ಜಿ. ಇನ್ನೊಮ್ಮೆ ಮಾಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಈಗ ಅವರು ಅಂಗಡಿಗೆ ಹೋಗುತ್ತಾರೆ. ಸೂಜಿಗೆ ದಾರ ಹೆಂಡತಿಯೇ ಪೋಣಿಸಿ ಕೊಡಬೇಕು, ಕತ್ತರಿ ಹಿಡಿಯಲು ಇನ್ನೂ ಆಗುವುದಿಲ್ಲ. ಆದರೆ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುತ್ತಾರೆ. ಕೊಕ್ಕಿನ ಸಾಧನ ಇಲ್ಲೇ ಉಳಿದು ಬೇರೆಯವರ ಬೆರಳುಗಳನ್ನು ಎಬ್ಬಿಸುತ್ತಿದೆ. "ನಾನೇನು ಮಾಡ್ದೆ? ಏನು ಅಂತ ಕೇಳ್ದೆ ಅಷ್ಟೆ. ಹೇಳೋಕೆ ಅವರಿಗೆ ಒಂದು ವಿಷಯ ಬೇಕಾಗಿತ್ತು," ಎನ್ನುತ್ತಾರೆ ಅಕ್ಕ.

ಇಲ್ಲಿಂದ ಮನೆಗೆ ಹೊರಡುವವರು ಬಾಗಿಲಲ್ಲಿ ನಿಂತು, ಮತ್ತೆ ಬರುವಾಗ ನಿಮಗೇನು ತರಲಿ ಎಂದು ಕೇಳುವುದುಂಟು. ದರ್ಜಿಯೂ ಕೇಳಿದ್ದರು. ಅಕ್ಕ ಅವರ ಕೋಟಿನ ಕಾಲರು ಸರಿಪಡಿಸಿ ಹೇಳಿದರಂತೆ:

"ಏನೂ ತರಬೇಡಿ ಅಣ್ಣಾ. ಕೈ ಬೀಸ್ಕೊಂಡು ಬನ್ನಿ. ಎರಡೂ ಕೈ."