ದೋಷ ನನ್ನದು, ಸುತ್ತು ಅವಳದು

ನಮ್ಮದು ಮದ್ರಾಸಿನ ಕೋಡಂಬಾಕ್ಕಂನಲ್ಲಿ ಒಂದು ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದು ಅಪ್ಪ ಕಟ್ಟಿದ್ದು. ಧಣಿಯ ಮಗನಾದರೂ ಕೌಂಟರಿನಲ್ಲಿ ಕೂರುವ ಮೊದಲು ಹತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಲ್ಲಬೇಕು ಎಂಬುದು ಅಪ್ಪನ ಕಾನೂನು. ನಾನು ಹನ್ನೆರಡು ವರ್ಷ ನಿಂತೆ. ಅಪ್ಪ ಮೆಚ್ಚಿ ಕೌಂಟರಿಗೆ ಕೂರಿಸಿ, ಮದುವೆ ಮಾಡಿಸಿ, ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ.

ಹಾಗಾದಾಗ ಯಾರನ್ನು ಪರೀಕ್ಷೆ ಮಾಡಿಸಬೇಕು ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನ್ನ ಹೆಂಡತಿಗೆ ರಕ್ತ ಪರೀಕ್ಷೆ, ಸ್ಕ್ಯಾನು, ಜಾತಕ ಪರೀಕ್ಷೆ ಎಲ್ಲ ಆದವು. ರಕ್ತ ಸರಿಯಿತ್ತು, ಸ್ಕ್ಯಾನು ಸರಿಯಿತ್ತು. ಜಾತಕದಲ್ಲಿ ಮಾತ್ರ ಸರ್ಪದೋಷ ಸಿಕ್ಕಿತು. ಅಮ್ಮನಿಗೆ ಅಷ್ಟು ಸಾಕಾಯಿತು. ಆಶ್ಲೇಷಾ ಬಲಿ ಮಾಡಿಸಿದರು. ಅದರ ಮೇಲೆ ಪ್ರತಿ ಶುಕ್ರವಾರ ಸೊಸೆಯನ್ನು ಬಸ್ಸು ಹತ್ತಿಸಿಕೊಂಡು ತಿರುವೊಟ್ಟಿಯೂರಿನ ದೇವಸ್ಥಾನಕ್ಕೆ ಕರೆದೊಯ್ದು ನಲವತ್ತೆಂಟು ಸುತ್ತು ಹಾಕಿಸತೊಡಗಿದರು.

ಕೊನೆಗೆ ನಾವಿಬ್ಬರೂ ಹೋದ ನುಂಗಂಬಾಕ್ಕಂನ ಡಾಕ್ಟರಮ್ಮ ಜಾತಕ ಕೇಳಲಿಲ್ಲ. ಹೆಂಡತಿಯ ರಿಪೋರ್ಟುಗಳನ್ನು ನೋಡಿ ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ, "ಸಾರ್ ರಿಪೋರ್ಟ್ ಎಂಗೆ?" ಎಂದರು. ನನ್ನ ರಿಪೋರ್ಟ್ ಎಲ್ಲಿ ಎಂದು ನಾಲ್ಕು ವರ್ಷದಲ್ಲಿ ಕೇಳಿದವರು ಅವರೊಬ್ಬರೇ. ನನಗೆ ಅವಮಾನವಾದಂತಾಯಿತು.

ವೀರ್ಯವನ್ನು ಮನೆಯಿಂದಲೂ ತರಬಹುದು, ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿದರಾಯಿತು ಎಂದು ಒಂದು ಡಬ್ಬಿ ಕೊಟ್ಟರು. ಮೈಯ ಬಿಸಿಯಲ್ಲೇ ಇರಲಿ ಎಂದೂ ಹೇಳಿದ್ದರಂತೆ. ನಾಚಿಕೆಯಲ್ಲಿ ನನಗೆ ಅದು ಕೇಳಿಸಿರಲಿಲ್ಲ. ಹೋಟೆಲಿನವನ ಬುದ್ಧಿ ಹೋಟೆಲಿನದೇ. ಮದ್ರಾಸಿನ ಸೆಕೆಯಲ್ಲಿ ಯಾವ ವಸ್ತುವಾದರೂ ಕೆಡುತ್ತದೆ, ಕೆಡಬಾರದೆಂದರೆ ತಣ್ಣಗಿರಬೇಕು. ಡಬ್ಬಿಯನ್ನು ಐಸು ತುಂಬಿದ ಹಿಡಿಕೆಯ ಸ್ಟೀಲ್ ಪಾತ್ರೆಯಲ್ಲಿಟ್ಟು, ಆ ಪಾತ್ರೆಯನ್ನು ನಮ್ಮ ಹೋಟೆಲಿನ ಹೆಸರಿದ್ದ ಪಾರ್ಸೆಲ್ ಚೀಲದೊಳಗಿಟ್ಟು, ಆಟೋದಲ್ಲಿ ಜೋಪಾನವಾಗಿ ತೊಡೆಯ ಮೇಲೆ ಹಿಡಿದುಕೊಂಡು ಹೋದೆ. ಲ್ಯಾಬಿನ ಹೆಂಗಸು ಮುಚ್ಚಳ ತೆಗೆದು ನೋಡಿದಳು, ಚೀಲದ ಮೇಲಿನ ಹೆಸರು ಓದಿದಳು. "ಇದೆನ್ನ ಸಾರ್, ದೋಸೈ ಮಾವಾ?" ಎಂದಳು. ದೋಸೆ ಹಿಟ್ಟಾ ಎಂದು ಕೇಳಿದ್ದು ಅಲ್ಲಿ ಕಾಯುತ್ತಿದ್ದ ಎಂಟು ಹತ್ತು ಜನರಿಗೂ ಅರ್ಥವಾಯಿತು.

ಅದರಿಂದ ಪ್ರಯೋಜನವಿಲ್ಲ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ತನ್ನಿ ಎಂದರು. ಎರಡನೆಯ ಬಾರಿ ಅಂಗಿಯೊಳಗೆ ಇಟ್ಟುಕೊಂಡು ಒಯ್ದೆ. ಈ ಸಲ ರಿಪೋರ್ಟ್ ಬಂತು. ವೀರ್ಯಾಣುಗಳು ಬಹಳ ಕಡಿಮೆ, ಇರುವವುಗಳಲ್ಲಿ ಹೆಚ್ಚಿನವು ಚಲಿಸುವುದೇ ಇಲ್ಲ. ಐಸು ಹಾಕದೆಯೂ ಅವು ಹಾಗೇ ಇದ್ದವು. ಕಾವಲಿಯ ಕಾವೂ ಕಾರಣವಿರಬಹುದು, ಖಂಡಿತ ಹೇಳಲಾಗದು ಎಂದರು ಡಾಕ್ಟರಮ್ಮ. ನಾನಂತೂ ಆ ಕ್ಷಣವೇ ತಪ್ಪನ್ನು ಅಪ್ಪನ ಮೇಲೆ ಹಾಕಿ ಸ್ವಲ್ಪ ಹಗುರಾದೆ.

ಇದಕ್ಕೆ ಇಕ್ಸಿ ಎಂಬ ಚಿಕಿತ್ಸೆ ಇದೆ ಎಂದು ಅವರು ಚಿತ್ರ ಬರೆದು ತೋರಿಸಿದರು. ಹೆಂಡತಿಯ ಅಂಡಗಳನ್ನು ಹೊರಗೆ ತೆಗೆದು, ಗಾಜಿನ ಸಣ್ಣ ಸೂಜಿಯಿಂದ ಒಂದೊಂದು ಅಂಡದೊಳಗೆ ಒಂದೊಂದು ವೀರ್ಯಾಣುವನ್ನು ಬಿಡುತ್ತಾರೆ. ಭ್ರೂಣವಾದರೆ ಮತ್ತೆ ಗರ್ಭಕ್ಕೆ ಸೇರಿಸುತ್ತಾರೆ. ಅಷ್ಟು ಮಾಡಿದರೂ ನಿಲ್ಲಬಹುದು, ನಿಲ್ಲದೆಯೂ ಇರಬಹುದು. "ಒರು ಮುಟ್ಟೈಕ್ಕು ಒಣ್ಣು ಪೋದುಂ ಸಾರ್" ಎಂದು ನನ್ನನ್ನು ಸಮಾಧಾನ ಮಾಡಿದರು. ಒಂದು ಅಂಡಕ್ಕೆ ಒಂದು ಸಾಕಂತೆ. ನನ್ನ ಗಂಡಸುತನಕ್ಕೆ ಸಿಕ್ಕಿದ ಸರ್ಟಿಫಿಕೇಟು ಅದು.

ಕೊರತೆ ನನ್ನದು, ಸೂಜಿಗಳೆಲ್ಲ ಅವಳಿಗೆ. ಅಂಡಗಳು ಬೆಳೆಯಲೆಂದು ಹತ್ತು ಹನ್ನೊಂದು ದಿನ ದಿನವೂ ಹೊಟ್ಟೆಗೆ ಚುಚ್ಚುಮದ್ದು, ನಡುನಡುವೆ ಸ್ಕ್ಯಾನು, ಕೊನೆಗೆ ಮಂಪರು ಕೊಟ್ಟು ಅಂಡ ತೆಗೆಯುವುದು. ನನ್ನ ಪಾಲಿಗೆ ಆ ಡಬ್ಬಿ ಮಾತ್ರ. ಕ್ಲಿನಿಕ್ಕಿನಿಂದ ಹೊರಗೆ ಬರುವಾಗ ನಾನು ಅವಳನ್ನು ಕೇಳಿಕೊಂಡದ್ದು ಒಂದೇ. "ಅಮ್ಮನಿಗೆ ನನ್ನ ವಿಷಯ ಹೇಳ್ಬೇಡ ಆಯ್ತಾ? ಹೋಟೆಲಿನ ಜನಕ್ಕೆ ಗೊತ್ತಾದ್ರೆ ನಾನು ಕೌಂಟರಿನಲ್ಲಿ ಕೂರ್ಲಿಕ್ಕುಂಟಾ?"

"ಅತ್ತೆಗೆ ಎಂತ ಹೇಳೂದು ಹಾಗಾದ್ರೆ?" ಎಂದಳು.

"ಎಂತದೂ ಬೇಡ. ಅವರು ತಿಳ್ಕೊಂಡ ಹಾಗೆ ಇರ್ಲಿ."

ಅವಳು ಹೇಳಲಿಲ್ಲ. ಶುಕ್ರವಾರ ಬಂದಾಗ ಚುಚ್ಚಿ ನೀಲಿಯಾದ ಹೊಟ್ಟೆಯ ಮೇಲೆ ಸೀರೆ ಬಿಗಿದುಕೊಂಡು ನನ್ನ ದೋಷಕ್ಕೆ ನಲವತ್ತೆಂಟು ಸುತ್ತು ಹಾಕಿ ಬಂದಳು. ನಾನು ಕೌಂಟರಿನಲ್ಲಿ ಕೂತಿದ್ದೆ.

ಮೊದಲ ಸಲ ನಿಲ್ಲಲಿಲ್ಲ. ಅಮ್ಮ ಹೆಂಡತಿ ಮಲಗಿದ್ದ ಕೋಣೆಯ ಬಾಗಿಲಲ್ಲೇ ನಿಂತು, "ಅವಳ ಮೈಯೇ ಉಷ್ಣ, ಎಂತ ಮಾಡಿದ್ರೂ ನಿಲ್ಲೂದಿಲ್ಲ" ಎಂದರು. ನಿಜ ನನ್ನ ನಾಲಗೆ ತುದಿಗೆ ಬಂತು. ಅಷ್ಟರಲ್ಲಿ ಕೆಳಗೆ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಜನ ಸೇರಿದ್ದರು, ಇಳಿದು ಹೋದೆ. ಆ ಜನಸಂದಣಿಯನ್ನು ನಾನು ಅಂದು ದೇವರ ಕೃಪೆ ಎಂದುಕೊಂಡೆ.

ಎರಡನೆಯ ಸಲ ನಿಂತಿತು. ಏಳನೆಯ ತಿಂಗಳಲ್ಲಿ ಹೋಟೆಲಿನ ಮೇಲಿನ ಹಾಲ್‌ನಲ್ಲಿ ಸೀಮಂತ. ನಮ್ಮ ಕಡೆಯವರೆಲ್ಲ ಬಂದಿದ್ದರು, ಅಡಿಗೆಯವರೂ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಆರತಿಯಾದ ಮೇಲೆ ಅಮ್ಮ ಎಲ್ಲರಿಗೂ ಕೇಳುವ ಹಾಗೆ, "ಅಂತೂ ಇವಳ ದೋಷ ಕಳೀತು" ಎಂದರು. ಹೆಂಡತಿ ತಲೆ ತಗ್ಗಿಸಿದಳು. ಅಂದು ನನಗೆ ಎಲ್ಲಿಂದಲೋ ಧೈರ್ಯ ಬಂತು.

"ದೋಷ ಅವಳದ್ದಲ್ಲ ಅಮ್ಮಾ, ನನ್ನದು. ಮೊದಲಿಂದ್ಲೂ ನನ್ನದೇ. ಡಾಕ್ಟರು ಹೇಳಿದ್ದಾರೆ" ಎಂದೆ.

ಒಬ್ಬ ಮಾವ ಎದ್ದು ಪಾಯಸ ಬಡಿಸಲು ಗಡಿಬಿಡಿ ಮಾಡಿದರು. ಅಮ್ಮ ಕುಂಕುಮದ ಬಟ್ಟಲು ಹಿಡಿದುಕೊಂಡೇ ನನ್ನನ್ನು ನೋಡಿದರು. "ನಾನು ಈ ಹುಡುಗಿಯನ್ನು ಎಷ್ಟು ಶುಕ್ರವಾರ ಸುತ್ತಿಸಿದೆ ಮಾರಾಯ" ಎಂದರು. ಆಮೇಲೆ ಸೊಸೆಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು, ಊಟ ಮುಗಿಯುವವರೆಗೂ ಬಿಡಲಿಲ್ಲ.

ನನಗೆ ಒಳಗೊಳಗೇ ಹೆಮ್ಮೆ. ಅಷ್ಟು ಜನರ ಎದುರು ಯಾವ ಗಂಡಸು ಹೀಗೆ ಒಪ್ಪಿಕೊಳ್ಳುತ್ತಾನೆ? ಎಲ್ಲರೂ ಹೋದ ಮೇಲೆ ಹೆಂಡತಿ ತಲೆಯ ಹೂವು ಬಿಚ್ಚುತ್ತಿದ್ದಳು. ಒಂದು ಒಳ್ಳೆಯ ಮಾತು ಬರುತ್ತದೆಂದು ಹತ್ತಿರ ಹೋಗಿ ಕೂತೆ.

"ನನ್ನ ಹೊಟ್ಟೆ ಕಂಡ ಮೇಲೆ ನಿಮಗೆ ಬಾಯಿ ಬಂತು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. "ಮೊದಲ ಸಲ ನಿಲ್ಲದೆ ಹೋದ ದಿನ ಹೇಳಿದ್ರೆ, ನಾನು ಅಳುವಾಗ ಅತ್ತೆಯಾದ್ರೂ ನನ್ನ ಹತ್ರ ಬಂದು ಕೂತ್ಕೊಳ್ತಿದ್ರು."