ಗಿರಣಿ ಬಂದ್ ಮಾಡಿ ಹೇಳಿದ ಮಾತು

ಸಂಶಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತೇನೆ. ಮೋಟರ್ ತಿರುಗುತ್ತಿರುವಾಗ ಒಳಗೆ ಯಾರ ಮಾತೂ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ. ಆ ಸದ್ದಿನ ಹಿಂದೆ ಅಡಗಿಕೊಂಡು ನಾನು ಎರಡು ವರ್ಷ ಕಳೆದೆ.

ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ನಾನು ಚಿಕ್ಕವನಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ನನ್ನನ್ನು ಸಾಕಿ ಬೆಳೆಸಿದಳು. ಅಪ್ಪನೂ ಹೋದ ಮೇಲೆ ಮನೆಗೆ ಅವಳೇ ಹಿರಿಯಳು. ನನ್ನ ಹೆಂಡತಿಯನ್ನು ಕರೆದುಕೊಂಡು ಅವಳು ಸುತ್ತದ ಗುಡಿಯಿಲ್ಲ, ಅವಳಿಗೆ ಕುಡಿಸದ ಕಷಾಯವಿಲ್ಲ. ಹೆಂಡತಿ ಎಲ್ಲ ಉಪವಾಸ ಮಾಡಿದಳು, ಎಲ್ಲ ಗುಳಿಗೆ ನುಂಗಿದಳು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಕೊನೆಗೆ ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ವಯಸ್ಸಾದ ಡಾಕ್ಟರಮ್ಮ ಹೆಂಡತಿಯ ಕಾಗದಗಳನ್ನೆಲ್ಲ ತಿರುವಿ ಹಾಕಿ, ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಇವರದೆಲ್ಲಾ ಛಲೋ ಐತ್ರಿ. ನಿಮ್ಮ ತಪಾಸಣಿ ಎಲ್ಲಿ?"

ತಪಾಸಣೆ ಮಾಡಿಸಿದೆವು. ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿದೆವು. ಎರಡೂ ಸಲ ವೀರ್ಯಾಣು ಒಂದೂ ಇಲ್ಲವೆಂದು ಬಂತು. ಹರೆಯದಲ್ಲಿ ಮಂಗಬಾವು ಆಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ಆಗಿತ್ತು. ಹೈಸ್ಕೂಲಿನ ಕೊನೆಯ ವರ್ಷ ಎರಡು ವಾರ ಹಾಸಿಗೆ ಹಿಡಿದಿದ್ದೆ. ಅದರಿಂದಲೇ ಇರಬಹುದು ಎಂದು ಅವರು ಮೆತ್ತಗೆ ಹೇಳಿದರು. "ಗಂಡಸ್ತನಕ್ಕೂ ಇದಕ್ಕೂ ಸಂಬಂಧ ಇಲ್ರಿ. ಕಣ್ಣಿಗೆ ಚಾಳೀಸ ಬಂದಂಗ ಇದೂ ಮೈಯಾಗಿನ ಒಂದು ಸಂಗತಿ, ಅಷ್ಟ."

ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಬಾಜು ಕೂತಿದ್ದಳು. ಅರ್ಧ ದಾರಿಗೆ ಬಂದಾಗ ಅವಳೇ ಅಂದಳು: "ಯಾರಿಗೂ ಹೇಳಬ್ಯಾಡ್ರಿ. ಇಷ್ಟ ವರ್ಷ ನನಗ ಅಂದಾರ, ಇನ್ನೂ ಅನ್ನಲಿ. ನನಗ ರೂಢಿ ಆಗೇತಿ."

ನನಗೆ ಹಾಯೆನಿಸಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಆವತ್ತು ಅನಿಸಿದ್ದು ಅದೇ. ನಾನು ತಲೆಯಾಡಿಸಿ ಟಿಕೀಟನ್ನು ಜೇಬಿನಲ್ಲಿಟ್ಟುಕೊಂಡೆ.

ಆ ಹಾಯಿ ಬಹಳ ದಿನ ಉಳಿಯಲಿಲ್ಲ. ಸೋಮವಾರದ ಭಜನೆಗೆ ಹೋಗುವುದು ಬಿಟ್ಟೆ. ಯಾರ ಮನೆಯಲ್ಲಾದರೂ ಕೂಸಿಗೆ ಹೆಸರಿಡುವ ಕಾರ್ಯ ಇದ್ದರೆ ಗಿರಣಿಯಲ್ಲಿ ಕೆಲಸವಿದೆ ಎನ್ನುತ್ತಿದ್ದೆ. ಪಲ್ಯಕ್ಕೆ ಉಪ್ಪು ಜಾಸ್ತಿಯಾಯಿತೆಂದು ತಾಟು ಸರಿಸಿ ಎದ್ದು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಮೋಟರಿನ ಪಟ್ಟಾ ತರಲೆಂದು ಕುಂದಗೋಳಕ್ಕೆ ಹೋದವನು ಪಟ್ಟಾ ಮರೆತು ಸ್ಟೇಶನ್ನಿನ ಬೆಂಚಿನ ಮೇಲೆ ಕೂತುಬಿಟ್ಟೆ. ಎರಡು ಗಾಡಿ ಬಂದು ಹೋದವು. ಯಾವ ಗಾಡಿ ಹತ್ತಬೇಕೆಂದೂ ಇರಲಿಲ್ಲ, ಮನೆಗೆ ಹೋಗಬೇಕೆಂದೂ ಇರಲಿಲ್ಲ. ಸಂಜೆ ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: "ನೀ ಬ್ಯಾರೆ ಮದಿವಿ ಮಾಡ್ಕೋ. ನನ್ನ ಜೋಡಿ ಯಾಕ ಹಾಳಾಗ್ತಿ?"

ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಮದ್ಲ ಊಟಾ ಮಾಡ್ರಿ. ಆಮ್ಯಾಲ ವರಾ ಹುಡಕೂಣು."

ಹೀಗೆ ಎರಡು ವರ್ಷ. ಪಂಚಮಿ ಹಬ್ಬದ ಮುಂಚಿನ ಒಂದು ಮುಂಜಾನೆ ಗಿರಣಿಯಲ್ಲಿ ಐದಾರು ಮಂದಿ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಅತ್ತಿಯೂ ಜೋಳ ತಂದಿದ್ದಳು. ಮೋಟರಿನ ಸದ್ದಿಗೆ ಮೇಲಾಗಿ ಕೇಳಲೆಂದು, ಬಾಜೂ ಮನೆಯಾಕೆಯ ಕಿವಿಗೆ ಬಾಯಿಟ್ಟು ಒದರುತ್ತಿದ್ದಳು: "ನಮ್ಮ ಸೊಸಿ ನಶೀಬಾನ ಹಿಂಗೈತವ್ವಾ. ಬರಡ ಹೊಲಕ್ಕ ಎಷ್ಟ ಬಿತ್ತಿದ್ರೇನು!" ಅದೇ ಹೊತ್ತಿಗೆ ನನ್ನ ನಾಷ್ಟಾದ ಡಬ್ಬಿ ಹಿಡಿದುಕೊಂಡು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಪೂರ್ತಿ ಕೇಳಿಸಿತ್ತು. ಆದರೂ ಬಾಜೂ ಮನೆಯಾಕೆಯನ್ನು ನೋಡಿ ದಿನದ ಹಾಗೇ ನಕ್ಕು, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಆ ನಗು ಒಂದಿಷ್ಟೂ ಬದಲಾಗಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅತ್ತಿ, ದೋಷ ನಂದೈತಿ!" ಅಂದೆ.

"ಆಂ? ಏನಂದೀ?"

"ದೋಷ! ದೋಷ!"

"ದೋಸಿ ಅಲ್ಲೋ, ಉಪ್ಪಿಟ್ಟ ತಂದಾಳ!"

ಸ್ವಿಚ್ ಕೆಳಗೆ ಎಳೆದು ಮೋಟರ್ ಬಂದ್ ಮಾಡಿದೆ. ಕಲ್ಲು ನಿಲ್ಲಲು ಒಂದಿಷ್ಟು ಹೊತ್ತು ಹಿಡಿಯಿತು. ಎಲ್ಲರೂ ಕರೆಂಟ್ ಹೋಯಿತೇನೋ ಎಂದು ದೀಪದ ಕಡೆ ನೋಡಿದರು. ಪೂರ್ತಿ ಶಾಂತವಾದ ಮೇಲೆ ಹೇಳಿದೆ: "ಮಕ್ಕಳಾಗದ್ದಕ್ಕ ಕಾರಣ ನಾನು. ಆಕೀದು ಏನೂ ತಪ್ಪಿಲ್ಲ. ಡಾಕ್ಟರು ಎರಡ ಸಲ ತಪಾಸಣಿ ಮಾಡಿ ಹೇಳ್ಯಾರ."

ಅತ್ತಿ ಬಾಜೂ ಮನೆಯಾಕೆಯನ್ನು ಬಿಟ್ಟು ನನ್ನ ಮುಂದೆ ಬಂದು ನಿಂತಳು.

"ಯಾವಾಗ ಗೊತ್ತಾತು?" ಅತ್ತಿ ಕೇಳಿದಳು.

"ಎರಡ ವರ್ಷಾತು."

ಅವಳು ಹೆಂಡತಿಯ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತ?"

"ಹೂಂರಿ, ಅತ್ತಿ."

ಅತ್ತಿ ಜೋಳದ ಚೀಲದ ಮೇಲೆ ಕೂತುಬಿಟ್ಟಳು. "ಎರಡ ವರ್ಷ ನನ್ನ ಕಡಿಂದ ಅನ್ನಿಸ್ಕೊಂಡ ಸುಮ್ನಿದ್ದೀಯಲ್ಲಬೇ! ಒಮ್ಮೆರ ನನ್ನ ಬಾಯಿ ಮುಚ್ಚಿಸಬಾರದಿತ್ತ?" ಆಮೇಲೆ ನನ್ನ ಕಡೆ ನೋಡಿ, "ನೀ ಒಬ್ಬ ದೊಡ್ಡ ಮನಶ್ಯಾ!" ಎಂದು ಎದ್ದು, ಹಿಟ್ಟನ್ನೂ ಒಯ್ಯದೆ ಹೋದಳು.

ಹೆಂಡತಿ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಡಬ್ಬಿ ಹಿಡಿದುಕೊಂಡು ಮನೆಗೆ ಹೋದರೆ ಅಡುಗೆಮನೆಯಲ್ಲಿ ಅಳುತ್ತ ಕೂತಿದ್ದಳು. "ಹೇಳಿದ್ದು ಛಲೋ ಆತ್ರಿ. ಆದ್ರ ಆವತ್ತ ಬಸ್ಸಿನ್ಯಾಗ ನಾ ಹಂಗ ಅಂದಾಗ, ನೀವು 'ಬ್ಯಾಡ, ನಾನ ಹೇಳ್ತೀನಿ' ಅಂತೀರಿ ಅನ್ಕೊಂಡಿದ್ದೆ."

ಅವಳ ಬಾಜು ನೆಲದ ಮೇಲೆ ಕೂತೆ. ತಪ್ಪಾಯಿತು ಎಂದೆ. ಮದುವೆಯಾದ ಮೇಲೆ ಅವಳೆದುರು ಆ ಮಾತು ಆಡಿದ್ದು ಅದೇ ಮೊದಲು. ಆ ದಿನ ನಾವಿಬ್ಬರೂ ಮಧ್ಯಾಹ್ನದವರೆಗೆ ಅತ್ತೆವು, ಆಮೇಲೆ ಆರಿಹೋಗಿದ್ದ ಉಪ್ಪಿಟ್ಟು ತಿಂದೆವು.

ಸುದ್ದಿ ವಾರದಲ್ಲಿ ಊರಿಗೆಲ್ಲ ಹರಡಿತು. ಚಹಾದಂಗಡಿಯಲ್ಲಿ ಒಬ್ಬ ನನ್ನ ಬೆನ್ನ ಹಿಂದೆ ಏನೋ ಅಂದ, ಇಬ್ಬರು ನಕ್ಕರು. ಚಹಾ ಕುಡಿದು ಮುಗಿಸಿಯೇ ಎದ್ದೆ. ನಾನು ಇಷ್ಟು ದಿನ ಹೆದರಿದ್ದು ಇಷ್ಟಕ್ಕೇನಾ ಅನಿಸಿತು. ಮುಂದಿನ ಸೋಮವಾರ ಭಜನೆಗೆ ಹೋದೆ.

ಆಮೇಲೆ ನಾನು ಎಣಿಸದ ಒಂದು ಸಂಗತಿ ನಡೆಯಿತು. ಗಿರಣಿಗೆ ಗಂಡಸರು ಬರತೊಡಗಿದರು. ಸಣ್ಣ ಚೀಲದಲ್ಲಿ ಒಂದೆರಡು ಸೇರು ಜೋಳ ಹಿಡಿದು ಬಂದು, ಉಳಿದವರೆಲ್ಲ ಹೋಗುವವರೆಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಆಮೇಲೆ ಕೆಮ್ಮಿ, ಕೇಳುತ್ತಿದ್ದರು: "ಆ ಡಾಕ್ಟರು ಎಲ್ಲಿರ್ತಾರ್ರಿ?" ಒಬ್ಬಾತ ಕಲಘಟಗಿ ಕಡೆಯ ದೇವಿಕೊಪ್ಪದಿಂದ, ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಬಂದಿದ್ದ.

"ನಿಮ್ಮ ಕಡೆ ಗಿರಣಿ ಇಲ್ಲೇನ್ರಿ?" ಎಂದೆ.

"ಅದಾವ್ರಿ," ಅಂದ. ಚೀಲ ಬಿಚ್ಚಿ ನೋಡಿದರೆ ಒಳಗೆ ಒಂದು ಕಾಳೂ ಇರಲಿಲ್ಲ. ಇಬ್ಬರೂ ನಕ್ಕೆವು. ನಗುತ್ತ ನಗುತ್ತಲೇ ಆತನ ಕಣ್ಣು ತುಂಬಿದವು. ಮೂರು ವರ್ಷದಿಂದ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲವಂತೆ. ನನ್ನ ಕಥೆ ಪೂರ್ತಿ ಹೇಳಿದೆ, ಸ್ಟೇಶನ್ನಿನಲ್ಲಿ ಕೂತಿದ್ದನ್ನೂ ಬಿಡದೆ. ಮರುವಾರ ಅವನನ್ನು ನಾನೇ ದವಾಖಾನೆಗೆ ಕರೆದುಕೊಂಡು ಹೋದೆ. ಅವನದು ಸಣ್ಣ ಆಪರೇಶನ್ನಿನಿಂದ ಸರಿಹೋಗುವ ತೊಂದರೆಯಾಗಿತ್ತು. ಈಗ ಅವನಿಗೆ ಒಬ್ಬಳು ಮಗಳು. ಹಾಗೆ ಬಂದವರಲ್ಲಿ ಇನ್ನಿಬ್ಬರಿಗೆ ಔಷಧದಿಂದ ಏನೂ ಗುಣವಾಗಲಿಲ್ಲ. ಅವರೂ ಬರುತ್ತಾರೆ. ರವಿವಾರ ಗಿರಣಿಯ ಕಟ್ಟೆಯ ಮೇಲೆ ಕೂತು ಮಳೆ, ಹೆಸರಿನ ಬೆಳೆ, ಮೊಣಕಾಲು ನೋವು ಎಂದೆಲ್ಲ ಮಾತಾಡುತ್ತೇವೆ. ಬೇಕಾದಾಗ ಆ ಮಾತೂ ಬರುತ್ತದೆ.

ನಮಗಿರುವ ದಾರಿಗಳನ್ನೂ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಬೇರೆಯವರ ವೀರ್ಯ, ಇಲ್ಲವೇ ದತ್ತು. ಎರಡರಲ್ಲೂ ತಪ್ಪೇನಿಲ್ಲ. ನಾವಿಬ್ಬರೂ ತಿಂಗಳುಗಟ್ಟಲೆ ಮಾತಾಡಿದೆವು. ಕೊನೆಗೆ ಒಂದು ದಿನ ಹೆಂಡತಿ, "ನಾವಿಬ್ಬರ ಇದ್ರ ನಿಮಗ ಸಾಕಾಗ್ತೈತಿ?" ಎಂದು ಕೇಳಿದಳು. ಯೋಚಿಸಿ ನೋಡಿದೆ. ಸಾಕಾಗುತ್ತದೆ ಅನಿಸಿತು. "ನಿನಗ?" ಎಂದೆ. "ನನಗೂ." ಆಮೇಲೆ ಅವಳು ಗಿರಣಿಯ ಬಾಜು ಶಾವಿಗೆ ಮಷಿನ್ ಹಾಕಿಕೊಂಡಳು. ಈಗ ಬೇಸಿಗೆಯಲ್ಲಿ ನನ್ನ ಗಿರಣಿಗಿಂತ ಅವಳ ಮಷಿನ್ ಹತ್ತಿರವೇ ಗಿರಾಕಿಗಳ ಗದ್ದಲ ಹೆಚ್ಚು. ಕೆಲವು ದಿನ ಈಗಲೂ ಮನಸ್ಸು ಮಂಕಾಗುತ್ತದೆ. ಆಗ ತಾಟು ಸರಿಸುವುದಿಲ್ಲ. "ಇವತ್ತ ಮನಸ್ಸ ಸರಿ ಇಲ್ಲ" ಎಂದು ಹೇಳಿಬಿಡುತ್ತೇನೆ. "ಆತು, ಸುಮ್ನ ಕೂಡ್ರಿ" ಎನ್ನುತ್ತಾಳೆ.

ಹೋದ ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆ ಹಾಕಿ ಚರಗ ಚೆಲ್ಲಲು ಎಲ್ಲರನ್ನೂ ನಮ್ಮ ಹೊಲಕ್ಕೆ ಕರೆದಿದ್ದೆವು. ಕಟ್ಟೆಯ ಗೆಳೆಯರು ಹೆಂಡಂದಿರನ್ನು ಕರೆದುಕೊಂಡು ಬಂದಿದ್ದರು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ. ಬೆಳೆಗೆಲ್ಲ ಚರಗ ಚೆಲ್ಲಿ ಬಂದು ಉಂಡ ಮೇಲೆ ಅತ್ತಿ ಮತ್ತು ನನ್ನ ಹೆಂಡತಿ ಹೋಳಿಗೆಯ ಬೆಲ್ಲದ ವಿಷಯಕ್ಕೆ ವಾದಕ್ಕೆ ಬಿದ್ದರು, ಬೆಲ್ಲ ಹೆಚ್ಚಾಯಿತೆಂದು ಒಬ್ಬಳು, ಇಲ್ಲವೆಂದು ಇನ್ನೊಬ್ಬಳು. ಅದನ್ನು ಕೇಳುತ್ತ ಬನ್ನಿಗಿಡದ ನೆರಳಲ್ಲಿ ಅಡ್ಡಾದವನಿಗೆ ಒಳ್ಳೆಯ ನಿದ್ದೆ ಹತ್ತಿತು.

"ಏಳ್ರಿ, ಎಲ್ಲಾರೂ ಹೊಂಟಾರ," ಹೆಂಡತಿ ಎಬ್ಬಿಸಿದಳು.

"ಹೋಗಲಿ ಅವರು. ನಾವು ಇನ್ನೊಂದೀಟ ಕೂಡೂಣು," ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾಜು ಕೂತಳು. ಜೋಳ ತೆನೆ ಬಿಡುತ್ತಿತ್ತು. ಬಿಸಿಲು ಮೆತ್ತಗಾಗುವವರೆಗೆ ಅಲ್ಲೇ ಇದ್ದೆವು.