ಜಯಮ್ಮನ ಕಡೆಯವರು

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಯಶವಂತಪುರದ ಹತ್ತಿರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಬೇರೆ ಯಾರೂ ಒಪ್ಪದ ಕೆಲಸವನ್ನು ಹೊರಡುವವರ ತಲೆಗೆ ಕಟ್ಟುವುದು ಎಲ್ಲ ಕಡೆಯ ಪದ್ಧತಿ. ನನ್ನ ತಲೆಗೆ ಕಟ್ಟಿದ್ದು ‘ವರ್ಕ್‌ಫೋರ್ಸ್ ಪ್ಲಾನಿಂಗ್’. ಅಂದರೆ, ಬರುವ ವರ್ಷ ಆಸ್ಪತ್ರೆಗೆ ಎಂಥ ಸಿಬ್ಬಂದಿ ಎಷ್ಟು ಮಂದಿ ಬೇಕಾಗುತ್ತಾರೆ ಎಂದು ಮೊದಲೇ ಅಂದಾಜು ಮಾಡುವುದು.

ಹಿಂದೆ ಈ ಅಂದಾಜನ್ನು ಹಾಸಿಗೆ ಎಣಿಸಿ ಮಾಡುತ್ತಿದ್ದೆವು. ಈ ಸಲ ಆಡಳಿತ ಮಂಡಳಿ ಕರೆಸಿದ್ದ ಸಲಹೆಗಾರ ನಿತಿನ್ ಬೇರೆ ವಿಧಾನ ತಂದರು. ರೋಗಿ ಒಳಗೆ ಕಾಲಿಟ್ಟಲ್ಲಿಂದ ಮನೆಗೆ ಹೊರಡುವವರೆಗೆ ಸಾಗುವ ದಾರಿಯನ್ನು ಅವರು ‘ಕೇರ್ ಪಾಥ್‌ವೇ’ ಎನ್ನುತ್ತಿದ್ದರು. ಆ ದಾರಿಯುದ್ದಕ್ಕೂ ರೋಗಿಯ ಹಿಂದೆ ನಡೆದು, ಎಲ್ಲೆಲ್ಲಿ ಯಾವ ಕೆಲಸ ಆಗುತ್ತದೆ, ಅದನ್ನು ಯಾರು ಮಾಡುತ್ತಾರೆ ಎಂದು ಟ್ಯಾಬ್‌ನಲ್ಲಿ ದಾಖಲಿಸಬೇಕು. ನೋಡುವವರು ನೋಡಬೇಕಷ್ಟೇ, ಕೈ ಹಾಕಬಾರದು. ಕೈ ಕಟ್ಟಿಕೊಂಡು ನಿಲ್ಲುವುದು ನನ್ನ ಜಾತಕದಲ್ಲೇ ಇಲ್ಲ, ಆದರೂ ಒಪ್ಪಿಕೊಂಡೆ. ಮೊದಲಿಗೆ ಸೊಂಟದ ಮೂಳೆ ಮುರಿದು ಬರುವ ಹೆಂಗಸರನ್ನು ಆರಿಸಿಕೊಂಡೆವು. ಎಮರ್ಜೆನ್ಸಿ, ಎಕ್ಸ್‌ರೇ, ವಾರ್ಡು, ಆಪರೇಷನ್, ಫಿಸಿಯೋಥೆರಪಿ, ಹೀಗೆ ಅವರ ದಾರಿ ಆಸ್ಪತ್ರೆಯ ಎಲ್ಲ ಮೂಲೆಗಳನ್ನೂ ಹಾಯುತ್ತದೆ.

ಮೊದಲ ವಾರದಲ್ಲೇ ನನಗೆ ತಲೆನೋವು ಶುರುವಾಯಿತು. ರಕ್ತದ ಟ್ಯೂಬನ್ನು ಕೆಳಗಿನ ಲ್ಯಾಬಿಗೆ ಒಯ್ದವರು ಯಾರು? ರೋಗಿಯ ಅಳಿಯ. ಫಾರ್ಮಸಿಯಿಂದ ಇಂಜೆಕ್ಷನ್ ತಂದವರು? ಮಗ. ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದವರು? ಪಕ್ಕದ ಮನೆಯವರು. ಬೆಡ್‌ಪ್ಯಾನ್ ಕೊಟ್ಟು ತೆಗೆದವರು, ತಲೆ ಬಾಚಿದವರು, ಗಂಜಿ ಕುಡಿಸಿದವರು? ಸೊಸೆ. ನಮ್ಮಲ್ಲಿ ರೋಗಿಯ ಜೊತೆ ನಿಲ್ಲುವ ಮನೆಯವರಿಗೆ ‘ಅಟೆಂಡರ್’ ಎನ್ನುತ್ತೇವೆ. ಟ್ಯಾಬ್‌ನಲ್ಲಿ ಡಾಕ್ಟರು, ನರ್ಸು, ಟೆಕ್ನಿಷಿಯನ್ನು, ಆಯಾ ಎಲ್ಲರೂ ಇದ್ದರು. ಅಟೆಂಡರ್ ಇರಲಿಲ್ಲ.

ನಿತಿನ್‌ಗೆ ಹೇಳಿದೆ. ಅವರು ನಕ್ಕರು. “ಸ್ಟಾಫ್ ಮಾಡೋ ಕೆಲ್ಸ ಮಾತ್ರ ಹಾಕಿ ಮೇಡಂ. ರಿಲೇಟಿವ್ಸ್ ನಮ್ ಸ್ಕೋಪಲ್ಲಿ ಬರಲ್ಲ.”

ಆಗ ಬಂದವರು ಜಯಮ್ಮ. ಅರವತ್ತರ ಆಸುಪಾಸಿನ ಹೆಂಗಸು. ಮಾಕಳಿಯ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಿದ್ದರು, ಮಂಟಪದ ಹಿಂದಿನ ಕೋಣೆಯಲ್ಲೇ ವಾಸ. ಎಣ್ಣೆ ಚೆಲ್ಲಿದ ನೆಲದಲ್ಲಿ ಜಾರಿ ಬಿದ್ದಿದ್ದರು. ಮಂಟಪದ ಮ್ಯಾನೇಜರು ಆಟೋದಲ್ಲಿ ತಂದು ಎಮರ್ಜೆನ್ಸಿಯಲ್ಲಿ ಬಿಟ್ಟು, ಮುಹೂರ್ತಕ್ಕೆ ಹೊತ್ತಾಯಿತೆಂದು ಹೊರಟುಹೋದ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಆಪರೇಷನ್ನಿನ ಖರ್ಚಿಗೆ ಸರ್ಕಾರದ ಕಾರ್ಡ್ ಇತ್ತು, ಡಾಕ್ಟರು ಸಿದ್ಧರಿದ್ದರು. ಇಲ್ಲದಿದ್ದದ್ದು ಅಟೆಂಡರ್ ಮಾತ್ರ.

ನಾನು ನಿಯಮದಂತೆ ಟ್ಯಾಬ್ ಹಿಡಿದು ಮಂಚದ ಪಕ್ಕ ನಿಂತೆ. ಜಯಮ್ಮನ ರಕ್ತದ ಟ್ಯೂಬ್ ಸಿಸ್ಟರ್ ಮೇಜಿನ ಮೇಲೆಯೇ ಕೂತಿತು. ಲ್ಯಾಬಿಗೆ ಒಯ್ಯಲು ಅಟೆಂಡರ್ ಬರಲಿ ಎಂದು ಸಿಸ್ಟರ್ ಕಾಯುತ್ತಿದ್ದರು. ಇಡೀ ವಾರ್ಡಿಗೆ ನರ್ಸುಗಳು ಇಬ್ಬರೇ ಇದ್ದರು, ಅವರೂ ಓಡಾಡುತ್ತಲೇ ಇದ್ದರು. ಹೊತ್ತಾಗಿ ಟ್ಯೂಬಿನ ರಕ್ತ ಕೆಟ್ಟಿತು, ಮತ್ತೆ ಚುಚ್ಚಿ ರಕ್ತ ತೆಗೆದರು. ಊಟದ ತಟ್ಟೆ ಬಂತು, ಕೈಗೆ ಎಟುಕದ ಜಾಗದಲ್ಲಿ ಇಟ್ಟು ಹೋದರು. ಯಾರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ಮುಗಿಸಿ, ಕತ್ತು ಹೊರಳಿಸಿ ಒಂದೇ ಮಾತು ಕೂಗುತ್ತಿದ್ದರು: “ಜಯಮ್ಮನ ಕಡೆಯವರು ಯಾರ್ರೀ?” ಉತ್ತರವಿಲ್ಲದೆ ಮುಂದೆ ಹೋಗುತ್ತಿದ್ದರು. ಒಂದು ಸಲ ಜಯಮ್ಮನೇ ಮಲಗಿದಲ್ಲಿಂದ ಕೈಯೆತ್ತಿದರು.

ಮರುದಿನದ ಆಪರೇಷನ್ ಪಟ್ಟಿಯಿಂದ ಅವರ ಹೆಸರು ಹೋಯಿತು. ವಾರ್ಡಿನ ಉಸ್ತುವಾರಿ ಶೈಲಜಾ ಸಿಸ್ಟರನ್ನು ಕೇಳಿದೆ. ಒಪ್ಪಿಗೆ ಪತ್ರಕ್ಕೆ ರೋಗಿಯ ಸಹಿಯೇ ಸಾಕೆಂದು ನಿಮಗೆ ಗೊತ್ತಿಲ್ಲವೇ ಎಂದು ಸ್ವಲ್ಪ ಗದರಿಯೇ ಕೇಳಿದೆ.

“ಸಹಿ ಸಾಕು ಮೇಡಂ, ಆದ್ರೆ ಆಪರೇಷನ್ ಆದ್ಮೇಲೆ ತಿರುಗ್ಸಿ ಮಲಗ್ಸೋರು ಯಾರು? ನಾವಿಬ್ರೇ ಇರೋದು. ಬೆನ್ನಲ್ಲಿ ಹುಣ್ಣಾದ್ರೆ ನನ್ನನ್ನೇ ಕೇಳ್ತಾರೆ. ಯಾರ್ನಾದ್ರೂ ಕರ್ಕೊಂಡ್ ಬಂದ್ರೆ ಮಾಡೋಣ ಅಂದಿದಾರೆ ಡಾಕ್ಟ್ರು, ಇಲ್ಲಾಂದ್ರೆ ದೊಡ್ಡಾಸ್ಪತ್ರೆಗೆ ಬರ್ದು ಕಳ್ಸೋದಂತೆ.”

ಈ ವಯಸ್ಸಿನಲ್ಲಿ ಸೊಂಟ ಮುರಿದು ಆಪರೇಷನ್ ತಡವಾದರೆ ಏನಾಗುತ್ತದೆಂದು ನರ್ಸ್‌ಗಳಿಗೆ ಹೇಳಿಕೊಡಬೇಕಿಲ್ಲ. ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಮಲಗಿದವರು ಏಳುವುದೇ ಇಲ್ಲ. ಇನ್ನೊಂದು ಆಸ್ಪತ್ರೆಗೆ ಕಳಿಸಿದರೂ ಅಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತಿತ್ತು.

ಮಂಚದ ಹತ್ತಿರ ಬಂದಾಗ ಜಯಮ್ಮ ನನ್ನ ಟ್ಯಾಬ್ ನೋಡುತ್ತಿದ್ದರು. “ಅಮ್ಮಾ, ಬೆಳಗ್ಗಿಂದ ಇಲ್ಲೇ ನಿಂತ್ಕೊಂಡು ಅದ್ರಾಗೆ ಏನ್ ಬರೀತಿದ್ದೀರಾ?”

“ನಿಮಗೆ ಯಾರ್ಯಾರು ಏನೇನು ಕೆಲ್ಸ ಮಾಡ್ತಾರೆ ಅಂತ.”

“ನಂಗೆ ಯಾರೂ ಏನೂ ಮಾಡ್ನೇ ಇಲ್ವಲ್ಲ,” ಎಂದರು ಜಯಮ್ಮ. ವ್ಯಂಗ್ಯವಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. “ಮತ್ತೆ ಇಂಗೆ ಬರೀತಾನೇ ಇದ್ದೀರಲ್ಲ ನೀವು?”

ಟ್ಯಾಬನ್ನು ಶೈಲಜಾ ಸಿಸ್ಟರ್ ಕೈಗೆ ಕೊಟ್ಟೆ. ರಜೆಯ ಅರ್ಜಿ ಬರೆದೆ. ಅಲ್ಲಾಳಸಂದ್ರದ ಮನೆಗೆ ಹೋಗಿ ಯೂನಿಫಾರ್ಮ್ ಕಳಚಿ, ಒಂದು ಹಳೆಯ ಕಾಟನ್ ಸೀರೆ ಉಟ್ಟು, ಚಾಪೆ, ಫ್ಲಾಸ್ಕು ಹಿಡಿದು ವಾಪಸ್ ಬಂದೆ. ಕೌಂಟರಿನಲ್ಲಿ ಅಟೆಂಡರ್ ಪಾಸ್ ಕೇಳಿದಾಗ ಅಲ್ಲಿದ್ದವಳು ಗಾಬರಿಯಿಂದ ಎದ್ದು ನಿಂತಳು. ಸಂಬಂಧ ಏನೆಂದು ಬರೆಯಲಿ ಮೇಡಂ ಎಂದಳು. ಅಕ್ಕ ಎಂದು ಬರೆಸಿದೆ.

ಆಪರೇಷನ್ ಆಯಿತು. ಥಿಯೇಟರಿನ ಹೊರಗಿನ ಬೆಂಚಿನಲ್ಲಿ ನನ್ನ ಎಡಬಲಕ್ಕೆ ಬೇರೆ ಬೇರೆ ಸಂಸಾರಗಳು. ಒಬ್ಬರು ಇಡ್ಲಿ ಹಂಚುತ್ತಿದ್ದರು, ಇನ್ನೊಬ್ಬರು ಊರಿಗೆಲ್ಲ ಫೋನ್ ಮಾಡುತ್ತಿದ್ದರು. ನಾನು ಯಾರಿಗೂ ಫೋನ್ ಮಾಡಬೇಕಿರಲಿಲ್ಲ. ಬಾಗಿಲು ತೆರೆದು ಸಿಸ್ಟರ್ ಕೂಗಿದಳು: “ಜಯಮ್ಮನ ಕಡೆಯವರು!” ಎದ್ದು ನಿಂತೆ. ಇಡೀ ಸರ್ವಿಸಿನಲ್ಲಿ ಆ ಕೂಗನ್ನು ಒಳಗಿನಿಂದ ಎಷ್ಟು ಸಲ ಕೂಗಿದ್ದೆನೋ, ಕೂಗಿಗೆ ಎದ್ದದ್ದು ಅದೇ ಮೊದಲು. ನನ್ನ ತಾಯಿ ಮನೆಯಲ್ಲೇ ತೀರಿಕೊಂಡರು, ಮದುವೆ ನಾನು ಆಗಲಿಲ್ಲ. ಹಾಗಾಗಿ ಯಾರ ಕಡೆಯವಳೂ ಆಗಿರಲಿಲ್ಲ.

ವಾರ್ಡಿನಲ್ಲಿ ನಾನು ಬೆಡ್‌ಪ್ಯಾನ್ ಎತ್ತಿದರೆ ಆಯಾಗಳು ಓಡಿ ಬರುತ್ತಿದ್ದರು. “ನಾನೀಗ ಮೇಡಂ ಅಲ್ಲ, ಪೇಷೆಂಟ್ ಕಡೆಯವಳು. ಬೇರೆಯವರಿಗೆ ಮಾಡದೇ ಇರೋದನ್ನ ನಂಗೂ ಮಾಡ್ಬೇಡಿ,” ಎಂದು ಗದರಿ ಕಳಿಸುತ್ತಿದ್ದೆ. ನಾನು ಮಾಡಿದ್ದನ್ನೆಲ್ಲ ಶೈಲಜಾ ಸಿಸ್ಟರ್ ಟ್ಯಾಬ್‌ನಲ್ಲಿ ದಾಖಲಿಸಿದರು. ‘ಯಾರು ಮಾಡಿದರು’ ಎಂಬಲ್ಲಿ ನನ್ನ ಹುದ್ದೆ ಹಾಕಲಿಲ್ಲ, ‘ಕಡೆಯವರು’ ಎಂದು ಹೊಸ ಸಾಲು ಸೇರಿಸಿದರು. ನಿತಿನ್ ಬಂದು ನೋಡಿದರು. ಈ ಸಲ ನಗಲಿಲ್ಲ, ಕುರ್ಚಿ ಎಳೆದುಕೊಂಡು ಅರ್ಧ ದಿನ ಕೂತರು.

ಒಂದು ಮಧ್ಯಾಹ್ನ ಬೆನ್ನಿಗೆ ಪೌಡರ್ ಹಾಕುತ್ತಿದ್ದಾಗ ಜಯಮ್ಮ ಕೇಳಿದರು, “ನಿಮ್ಗೆ ಇಂಗಾದ್ರೆ ಯಾರ್ ಬತ್ತಾರೆ?” ಆಸ್ಪತ್ರೆ ತುಂಬ ನಮ್ಮವರೇ ಎಂದೆ. ಅವರು ಒಪ್ಪಿದಂತೆ ತಲೆಯಾಡಿಸಿದರು, ನಂಬಲಿಲ್ಲ.

ವರದಿ ಮಂಡಿಸಿದ ದಿನ ನಮ್ಮ ಆಡಳಿತಾಧಿಕಾರಿ ಎಲ್ಲವನ್ನೂ ಸಮಾಧಾನದಿಂದ ಕೇಳಿ ಹೇಳಿದರು: “ಮೇಡಂ, ಸೆಂಟಿಮೆಂಟ್ ಅರ್ಥ ಆಗುತ್ತೆ. ಆದ್ರೆ ಯಾರೂ ಇಲ್ದೋರು ಎಷ್ಟು ಜನ ಬರ್ತಾರೆ? ಅವರಿಗೋಸ್ಕರ ಪೋಸ್ಟ್ ಕೇಳೋದಾ?”

“ಅವರಿಗೋಸ್ಕರ ಅಲ್ಲ ಸರ್. ಮಿಕ್ಕವರ ಮಗ, ಸೊಸೆ, ಅಳಿಯ ಎಲ್ಲ ನಮ್ಮ ಕೆಲಸಾನೇ ಮಾಡ್ತಿದಾರೆ. ಅವ್ರು ಇದಾರೆ ಅಂತಲೇ ನಮ್ಮಲ್ಲಿ ಜನ ಕಮ್ಮಿ ಇರೋದು ಕಾಣ್ಸ್ತಿಲ್ಲ. ಜಯಮ್ಮನ ಹತ್ರ ಯಾರೂ ಇರ್ಲಿಲ್ಲ, ಅದಕ್ಕೇ ಕಾಣ್ತು.”

ಕೇಳಿದಷ್ಟು ಸಿಗಲಿಲ್ಲ. ಹೆಂಗಸರ ಆರ್ಥೋ ವಾರ್ಡಿಗೆ ಹಗಲು ಪಾಳಿಗೆ ಮಾತ್ರ ಹೊಸ ಸಹಾಯಕಿಯರನ್ನು ಕೊಟ್ಟರು. ರಾತ್ರಿ ಪಾಳಿಯನ್ನು ಮುಂದಿನ ವರ್ಷಕ್ಕೆ ನೋಡೋಣ ಎಂದರು. ಟ್ಯೂಬ್ ಒಯ್ಯುವುದು, ತಿರುಗಿಸಿ ಮಲಗಿಸುವುದು, ಉಣಿಸುವುದು, ಡಿಸ್ಚಾರ್ಜ್ ಆದವರನ್ನು ತಪಾಸಣೆಗೆ ಒಳಗೆ ಕರೆದೊಯ್ಯುವುದು, ಎಲ್ಲವೂ ಅವರ ಕೆಲಸವೆಂದು ಆದೇಶವಾಯಿತು. ಅಟೆಂಡರ್ ಇಲ್ಲವೆಂದು ಯಾರ ಆಪರೇಷನ್ನನ್ನೂ ಮುಂದೂಡಬಾರದೆಂಬ ಸಾಲನ್ನು ನಿತಿನ್ ತಾವಾಗಿಯೇ ಸೇರಿಸಿದ್ದರು.

ಕೆಲಸ ಎಲ್ಲಿ ನಿಂತಿದೆ ಎಂದು ತಿಳಿಯಬೇಕಾದರೆ ಯಾರೂ ಇಲ್ಲದವರ ಹಿಂದೆ ನಡೆಯಬೇಕು. ನನ್ನ ವೃತ್ತಿ ಕೊನೆಯ ವರ್ಷದಲ್ಲಿ ಕಲಿಸಿದ ಪಾಠ ಅದು. ಅದರ ಇನ್ನರ್ಧ ತಿಳಿದದ್ದು ನಿವೃತ್ತಿಯಾದ ಮೇಲೆ.

ಜಯಮ್ಮನಿಗೆ ಆಗಾಗ ತಪಾಸಣೆಗೆ ಬರಬೇಕಿತ್ತು. ಹೊರಗಿನವಳಾಗಿ ನಾನು ಮೊದಲ ಸಲ ಅವರನ್ನು ಕರೆದುಕೊಂಡು ಹೋದೆ. ಆಟೋ ನಿಲ್ಲುತ್ತಿದ್ದಂತೆ ಹೊಸ ಸಹಾಯಕಿಯೊಬ್ಬಳು ವ್ಹೀಲ್‌ಚೇರ್ ತಂದಳು. ನನ್ನ ಗುರುತು ಅವಳಿಗಿರಲಿಲ್ಲ. ನಾನು ಹಿಡಿಕೆಗೆ ಕೈ ಹಾಕಿದೆ.

“ನೀವ್ ಬಿಡಿ ಅಮ್ಮಾ, ಇಲ್ಲೇ ಕೂತಿರಿ. ಎಕ್ಸ್‌ರೇ, ಡಾಕ್ಟ್ರು, ಫಾರ್ಮಸಿ ಎಲ್ಲಾ ನಾನೇ ತೋರಿಸ್ಕೊಂಡ್ ಬರ್ತೀನಿ. ನಿಮಗೇನೂ ಕೆಲ್ಸ ಇಲ್ಲ.”

ನಾನು ಬೇಡಿ ಪಡೆದ ಹುದ್ದೆ ಅದು. ಅವಳು ಆಡಿದ ಒಂದೊಂದು ಮಾತೂ ನನ್ನ ವರದಿಯಲ್ಲಿ ಇದ್ದದ್ದೇ. ಹೆಮ್ಮೆಯಾಯಿತು, ಸುಳ್ಳೇಕೆ. ಆದರೆ ವ್ಹೀಲ್‌ಚೇರ್ ತಿರುವಿನಲ್ಲಿ ಮರೆಯಾದಾಗ ಕೈ ಬರಿದಾಯಿತು ಅನಿಸಿತು. ಯೋಜನೆ ಗೆದ್ದರೆ ಯೋಜಿಸಿದವರು ಬೇಕಾಗುವುದಿಲ್ಲ, ಅದು ಸರಿಯೇ. ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಬೆಂಚಿನಲ್ಲಿ ಕೂತೆ.

ಜಯಮ್ಮ ಹೊರಗೆ ಬಂದಾಗ ಮಧ್ಯಾಹ್ನವಾಗಿತ್ತು. ಸಾಲಾಗಿ ಕೂತಿದ್ದವರ ಮುಖಗಳ ಮೇಲೆ ಕಣ್ಣು ಹಾಯಿಸುತ್ತ ಬಂದವರು ನನ್ನನ್ನು ಕಂಡು ವ್ಹೀಲ್‌ಚೇರ್ ನಿಲ್ಲಿಸಲು ಹೇಳಿದರು.

“ಇನ್ನೂ ಓಗಿಲ್ವಾ ನೀವು? ಎಲ್ಲಾ ಈ ಮಗೀನೇ ಮಾಡ್ತಲ್ಲ.”

“ನೀವು ಹೊರಗ್ ಬಂದಾಗ ಯಾರಾದ್ರೂ ಇರ್ಲಿ ಅಂತ,” ಎಂದೆ.

ಜಯಮ್ಮ ಸಹಾಯಕಿಯ ಕಡೆ ತಿರುಗಿ, “ನೀ ಓಗವ್ವ, ಇವ್ರು ನನ್ ಜೊತೆಗ್ ಬಂದವ್ರೆ,” ಎಂದರು.